ಹಾಡಿನ ನಡುವೆ 'ಟಪ್': ಗಣಕದ ಧ್ವನಿಮುದ್ರಣದಲ್ಲಿ ಕಡಿತಗಳೇಕೆ?

ತಂಬೂರಿಯ ಶ್ರುತಿ ಹಿನ್ನೆಲೆಯಲ್ಲಿ ಹರಿಯುತ್ತಿದೆ. ಅದರ ಮೇಲೆ ಗಾಯಕರ ಆಲಾಪನೆ ನಿಧಾನವಾಗಿ ಬೆಳೆಯುತ್ತಿದೆ. ಗಣಕದಲ್ಲಿ ಮುದ್ರಿಸಿಟ್ಟ ಇದನ್ನು ನೀವು ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿರುವಾಗ ಇದ್ದಕ್ಕಿದ್ದಂತೆ 'ಟಪ್' ಎಂಬ ಸದ್ದು. ಕ್ಷಣಮಾತ್ರ ಧ್ವನಿ ಮಾಯವಾಗಿ ಮತ್ತೆ ಬರುತ್ತದೆ. ಕೆಲವೊಮ್ಮೆ ಒಗ್ಗರಣೆಯ ಸಾಸಿವೆ ಸಿಡಿದಂತೆ ಚಟಚಟ ಸದ್ದು ಬರುತ್ತದೆ. ಇನ್ನು ಕೆಲವೊಮ್ಮೆ ತಂತ್ರಾಂಶವೇ ಕೈಚೆಲ್ಲಿ, ಸಂಗೀತವನ್ನು ನಿಲ್ಲಿಸಿ, ತೆರೆಯ ಮೇಲೆ ಒಂದು ಎಚ್ಚರಿಕೆಯನ್ನು ತೋರಿಸುತ್ತದೆ. ಧ್ವನಿಮುದ್ರಣ ಮಾಡುವವರು ಇದನ್ನು ಡ್ರಾಪ್‌ಔಟ್ ಎನ್ನುತ್ತಾರೆ. ನಾವು ಇಲ್ಲಿ ಕಡಿತ ಎಂದೇ ಕರೆಯೋಣ.

ಕೇಳುವಾಗ ಆದ ಕಡಿತದಿಂದ ದೊಡ್ಡ ನಷ್ಟವೇನಿಲ್ಲ, ಮತ್ತೊಮ್ಮೆ ಕೇಳಬಹುದು. ಆದರೆ ಇದೇ ಕಡಿತ ಮುದ್ರಿಸುವಾಗ ಆದರೆ? ಎಂಬತ್ತು ದಾಟಿದ ವಿದ್ವಾಂಸರೊಬ್ಬರು ತಮ್ಮ ಗುರುಗಳಿಂದ ಕಲಿತ ಅಪರೂಪದ ಕೃತಿಯನ್ನು ಹಾಡಿರುತ್ತಾರೆ. ಹಳ್ಳಿಯ ಅಜ್ಜಿಯೊಬ್ಬರು ಬೇರೆ ಯಾರಿಗೂ ಬಾರದ ಸೋಬಾನೆ ಪದವೊಂದನ್ನು ಹೇಳಿರುತ್ತಾರೆ. ಅಲ್ಲಿ ಕಳೆದುಹೋದ ಐದು ಮಿಲಿಸೆಕೆಂಡುಗಳ ಧ್ವನಿ ಗಣಕದ ಒಳಗೆ ಬಂದೇ ಇಲ್ಲ. ಅದನ್ನು ಯಾವ ತಂತ್ರಾಂಶವೂ ಮರಳಿ ತರಲಾರದು, ಅಕ್ಕಪಕ್ಕದ ಧ್ವನಿಯನ್ನು ನೋಡಿ ಊಹಿಸಿ ತೇಪೆ ಹಚ್ಚಬಹುದು ಅಷ್ಟೆ. ಆದ್ದರಿಂದ ಕಡಿತ ಏಕೆ ಆಗುತ್ತದೆ ಎಂಬುದನ್ನು ಮುದ್ರಣಕ್ಕೆ ಮೊದಲೇ ತಿಳಿದಿರುವುದು ಒಳ್ಳೆಯದು.

"ಗಣಕ ಹಳೆಯದಾಯಿತು, ಹೊಸದು ಕೊಳ್ಳಿ" ಎಂಬುದು ಇಂಥ ತೊಂದರೆಗೆ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಸಲಹೆ. ಹಣ ಖರ್ಚು ಮಾಡಿ ಹೊಸ ಲ್ಯಾಪ್‌ಟಾಪ್ ತಂದರೂ 'ಟಪ್' ಹಾಗೆಯೇ ಉಳಿದದ್ದುಂಟು. ವೇಗ ಕಡಿಮೆಯಾದದ್ದೇ ಕಾರಣ ಎಂದು ಭಾವಿಸುವುದರಿಂದ ಹೀಗಾಗುತ್ತದೆ. ನಿಜವಾಗಿ ಇಲ್ಲಿ ಮುಖ್ಯವಾದುದು ವೇಗವಲ್ಲ, ಸಮಯಪಾಲನೆ.

ಗಡುವಿನ ಲೆಕ್ಕ

ಧ್ವನಿ ಎಂದರೆ ಗಾಳಿಯ ಒತ್ತಡದಲ್ಲಿ ಆಗುವ ಏರಿಳಿತ. ಮೈಕ್ ಅದನ್ನು ವಿದ್ಯುತ್ ವಿಭವವಾಗಿ ಪರಿವರ್ತಿಸುತ್ತದೆ. ಗಣಕಕ್ಕೆ ಜೋಡಿಸಿದ ಧ್ವನಿ ಉಪಕರಣ, ಅಂದರೆ ಆಡಿಯೊ ಇಂಟರ್‌ಫೇಸ್, ಆ ವಿಭವವನ್ನು ಸೆಕೆಂಡಿಗೆ 44,100 ಬಾರಿ ಅಥವಾ 48,000 ಬಾರಿ ಅಳೆದು ಸಂಖ್ಯೆಗಳನ್ನಾಗಿ ಬರೆಯುತ್ತದೆ. ಇಂಥ ಒಂದೊಂದು ಅಳತೆಯನ್ನೂ ಮಾದರಿ ಎನ್ನೋಣ. ನಮ್ಮ ಕಿವಿಗೆ ಕೇಳುವ ಗರಿಷ್ಠ ಆವರ್ತಾಂಕ ಸುಮಾರು 20,000 ಹರ್ಟ್ಸ್. ಅದನ್ನು ಹಿಡಿಯಲು ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯಬೇಕು ಎಂಬುದು ನೈಕ್ವಿಸ್ಟ್ ನಿಯಮ. 44,100 ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಎಂದು ನೀವು ಯೋಚಿಸಿರಬಹುದು. ಸಿ.ಡಿ. ರೂಪುಗೊಳ್ಳುತ್ತಿದ್ದ ಕಾಲದಲ್ಲಿ ಸಂಖ್ಯಾರೂಪದ ಧ್ವನಿಯನ್ನು ವಿಡಿಯೊ ಟೇಪುಗಳ ಮೇಲೆ ಬರೆಯುತ್ತಿದ್ದರು. ಸೆಕೆಂಡಿಗೆ 60 ಕ್ಷೇತ್ರಗಳು, ಪ್ರತಿ ಕ್ಷೇತ್ರದಲ್ಲಿ ಬಳಸಬಹುದಾದ 245 ಗೆರೆಗಳು, ಗೆರೆಗೆ 3 ಮಾದರಿಗಳು. ಗುಣಿಸಿ ನೋಡಿ, 44,100 ಬರುತ್ತದೆ.

ಈಗ ಮುದ್ರಿಸಿದ್ದನ್ನು ಕೇಳುವ ಬಗೆ. ಇಲ್ಲಿ ದಾರಿ ಹಿಮ್ಮುಖ. ಗಣಕವು ಸಂಖ್ಯೆಗಳನ್ನು ಸಿದ್ಧಪಡಿಸಿ ಕೊಡಬೇಕು, ಉಪಕರಣವು ಅವನ್ನು ವಿಭವವನ್ನಾಗಿ ಮಾಡಿ ಹೆಡ್‌ಫೋನಿಗೆ ಕಳಿಸಬೇಕು. ಉಪಕರಣದೊಳಗಿನ ಸ್ಫಟಿಕ ಗಡಿಯಾರ ಯಾರಿಗಾಗಿಯೂ ಕಾಯುವುದಿಲ್ಲ. ಪ್ರತಿ 20.8 ಮೈಕ್ರೊಸೆಕೆಂಡಿಗೆ ಅದಕ್ಕೆ ಒಂದು ಹೊಸ ಮಾದರಿ ಬೇಕೇ ಬೇಕು. ಗಣಕವೋ ನೂರಾರು ಕೆಲಸಗಳನ್ನು ಸರದಿಯ ಮೇಲೆ ಮಾಡುವಂಥದು. ಒಂದೊಂದು ಮಾದರಿಯನ್ನೂ ಬೇಕಾದ ಕ್ಷಣಕ್ಕೆ ಸರಿಯಾಗಿ ಒದಗಿಸುವುದು ಅದಕ್ಕೆ ಸಾಧ್ಯವಿಲ್ಲ.

ಇದಕ್ಕೆ ಕಂಡುಕೊಂಡ ಉಪಾಯ ನಮ್ಮ ಮನೆಗಳ ಮೇಲಿರುವ ನೀರಿನ ತೊಟ್ಟಿಯಂಥದು. ಬೀದಿಯ ನಲ್ಲಿಯಲ್ಲಿ ನೀರು ಬಂದಾಗ ಬರುತ್ತದೆ, ಇಲ್ಲದಾಗ ಇಲ್ಲ. ಆದರೂ ತೊಟ್ಟಿ ತುಂಬಿರುವ ತನಕ ಮನೆಯ ಕೊಳಾಯಿಯಲ್ಲಿ ನೀರು ಸಮನಾಗಿ ಹರಿಯುತ್ತದೆ. ಗಣಕದ ಸ್ಮೃತಿಯಲ್ಲಿ ಇಂಥದೇ ತೊಟ್ಟಿಯೊಂದನ್ನು ಕಾದಿರಿಸುತ್ತಾರೆ. ಇದೇ ಬಫರ್. ಸಾಮಾನ್ಯವಾಗಿ ಇಂಥವು ಎರಡಿರುತ್ತವೆ. ಉಪಕರಣವು ಒಂದನ್ನು ಖಾಲಿಮಾಡುತ್ತಿರುವಾಗ ತಂತ್ರಾಂಶವು ಇನ್ನೊಂದನ್ನು ತುಂಬುತ್ತದೆ. ಬಳಿಕ ಅದಲುಬದಲು.

ಬಫರಿನ ಅಳತೆಯನ್ನು ಮಾದರಿಗಳ ಲೆಕ್ಕದಲ್ಲಿ ಹೇಳುವುದು ರೂಢಿ: 64, 128, 256, 512, 1024. ಸೆಕೆಂಡಿಗೆ 48,000 ಮಾದರಿಗಳಿದ್ದು, ಬಫರ್ 256 ಆಗಿದ್ದರೆ ಅದು ಖಾಲಿಯಾಗಲು 256 ಭಾಗಿಸು 48,000, ಎಂದರೆ 5.33 ಮಿಲಿಸೆಕೆಂಡು ಬೇಕು. ಇದೇ ಗಡುವು. ಇಷ್ಟರೊಳಗೆ ತಂತ್ರಾಂಶವು ಹಾಡಿನ ಎಲ್ಲ ಪಥಗಳ ಧ್ವನಿಯನ್ನೂ ತೆಗೆದುಕೊಂಡು, ಅದಕ್ಕೆ ನೀವು ಹಾಕಿರುವ ಅನುರಣನವೇ ಮೊದಲಾದ ಸಂಸ್ಕರಣೆಗಳನ್ನೆಲ್ಲ ಮಾಡಿ, ಕೂಡಿಸಿ, ಮುಂದಿನ 256 ಮಾದರಿಗಳನ್ನು ಸಿದ್ಧವಾಗಿಟ್ಟಿರಬೇಕು. 3 ಗಿಗಾಹರ್ಟ್ಸ್‌ನ ಪ್ರೊಸೆಸರಿಗೆ 5.33 ಮಿಲಿಸೆಕೆಂಡಿನಲ್ಲಿ 1 ಕೋಟಿ 60 ಲಕ್ಷ ಗಡಿಯಾರ ಮಿಡಿತಗಳು ಸಿಗುತ್ತವೆ. ಕಡಿಮೆಯೇನಲ್ಲ. ಆದರೂ ಯಾವುದೋ ಕಾರಣಕ್ಕೆ ಕೆಲಸ 5.34 ಮಿಲಿಸೆಕೆಂಡು ಹಿಡಿಯಿತೆನ್ನಿ, ತೊಟ್ಟಿ ಬರಿದಾಗುತ್ತದೆ. ಉಪಕರಣವು ಸೊನ್ನೆಗಳನ್ನೋ ಹಿಂದಿನ ತುಣುಕನ್ನೋ ಹೊರಕ್ಕೆ ಕಳಿಸುತ್ತದೆ.

ಇಷ್ಟು ಚಿಕ್ಕ ಖಾಲಿ ಜಾಗ ಕಿವಿಗೆ ಅಷ್ಟು ಒರಟಾಗಿ ಕೇಳುವುದೇಕೆ? ಅಲೆಯೊಂದು ತನ್ನ ಎತ್ತರದಲ್ಲಿದ್ದಾಗ ತಟಕ್ಕನೆ ಸೊನ್ನೆಗೆ ಬಿದ್ದರೆ ಅದು ಲಂಬವಾದ ಮೆಟ್ಟಿಲಾಗುತ್ತದೆ. ಫೂರಿಯೆ ವಿಶ್ಲೇಷಣೆಯ ಪ್ರಕಾರ ಅಂಥ ಮೆಟ್ಟಿಲಿನಲ್ಲಿ ತಗ್ಗಿನಿಂದ ಹೆಚ್ಚಿನವರೆಗೆ ಎಲ್ಲ ಆವರ್ತಾಂಕಗಳೂ ಸೇರಿರುತ್ತವೆ. ಹಾಡಿನಲ್ಲಿ ಇಲ್ಲದಿದ್ದ ಆ ಆವರ್ತಾಂಕಗಳೇ 'ಟಪ್' ಎಂದು ಕೇಳುವುದು. ಮೃದಂಗದ ಚಾಪಿನಲ್ಲಿ ಇಂಥ ವಿಶಾಲ ರೋಹಿತ ಮೊದಲೇ ಇರುವುದರಿಂದ ಕಡಿತವು ಅದರೊಳಗೆ ಅಡಗಿಹೋಗಬಹುದು. ತಂಬೂರಿಯ ಅಥವಾ ಕೊಳಲಿನ ನಿರಂತರ ನಾದದಲ್ಲಿ ಅಡಗಲು ಎಡೆಯೇ ಇಲ್ಲ. ಹೀಗಾಗಿ ಕಡಿತಗಳ ಪರೀಕ್ಷೆಗೆ ತಂಬೂರಿಯ ನಾದವೇ ಉತ್ತಮ. ಹತ್ತು ನಿಮಿಷ ಅದನ್ನೊಂದೇ ನುಡಿಸಿ ಕೇಳಿ.

ಬಫರನ್ನು ದೊಡ್ಡದು ಮಾಡಿದರಾಯಿತಲ್ಲ ಎನ್ನುತ್ತೀರೇನೋ. ನಿಜ, ಮೊದಲು ಮಾಡಬೇಕಾದದ್ದೂ ಅದನ್ನೇ. 1024 ಮಾದರಿಗಳಿಗೆ ಗಡುವು 21.3 ಮಿಲಿಸೆಕೆಂಡಾಗುತ್ತದೆ. ಆದರೆ ತೊಟ್ಟಿ ದೊಡ್ಡದಾದಷ್ಟೂ ಅದನ್ನು ಹಾದುಹೋಗಲು ಧ್ವನಿಗೆ ಹೆಚ್ಚು ಹೊತ್ತು ಬೇಕು. ಹಾಡುವವರು ತಮ್ಮ ಧ್ವನಿಯನ್ನು ಗಣಕದ ಮೂಲಕವೇ ಹೆಡ್‌ಫೋನಿನಲ್ಲಿ ಕೇಳಿಕೊಳ್ಳುತ್ತಿದ್ದರೆ ಒಳಬರುವ ಬಫರ್ ಒಂದು, ಹೊರಹೋಗುವ ಬಫರ್ ಒಂದು, ಹೀಗೆ ವಿಳಂಬ ಎರಡು ಪಟ್ಟಾಗುತ್ತದೆ. 256 ಮಾದರಿಗಳಿಗೆ ಸುಮಾರು 10.7 ಮಿಲಿಸೆಕೆಂಡು. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 345 ಮೀಟರ್ ಚಲಿಸುತ್ತದೆಯಾದ್ದರಿಂದ, ಇದು 3.7 ಮೀಟರ್ ದೂರದಲ್ಲಿರುವವರ ಹಾಡನ್ನು ಕೇಳಿದಂತೆ. ವೇದಿಕೆಯ ಮೇಲೆ ಪಕ್ಕವಾದ್ಯದವರು ಇಷ್ಟು ದೂರ ಕುಳಿತರೆ ಯಾರಿಗೂ ತೊಂದರೆಯಿಲ್ಲ. ಆದರೆ ಸ್ವಂತ ಧ್ವನಿಯ ಮಾತು ಬೇರೆ. ಅದು ತಲೆಬುರುಡೆಯ ಮೂಳೆಗಳ ಮೂಲಕ ಆ ಕ್ಷಣವೇ ಒಳಕಿವಿಗೆ ತಲುಪುತ್ತದೆ, ಹಿಂದಿನಿಂದ ಹೆಡ್‌ಫೋನಿನದು ಬಂದು ಅದರೊಡನೆ ಬೆರೆತು ವ್ಯತಿಕರಣ ಉಂಟಾಗುತ್ತದೆ. ಧ್ವನಿ ಡೊಳ್ಳಾಗಿ, ಕೊಳವೆಯೊಳಗಿನಿಂದ ಬಂದಂತೆ ಕೇಳುತ್ತದೆ.

ಈ ಇಕ್ಕಟ್ಟಿಗೆ ಸರಳ ಪರಿಹಾರವೊಂದಿದೆ, ಬಹಳಷ್ಟು ಜನ ಅದನ್ನು ಬಳಸುವುದೇ ಇಲ್ಲ. ಹೆಚ್ಚಿನ ಆಡಿಯೊ ಇಂಟರ್‌ಫೇಸ್‌ಗಳಲ್ಲಿ ಮೈಕಿನ ಧ್ವನಿಯನ್ನು ಗಣಕಕ್ಕೆ ಕಳಿಸುವುದರ ಜೊತೆಗೆ ಅಲ್ಲಿಂದಲೇ ನೇರವಾಗಿ ಹೆಡ್‌ಫೋನಿಗೂ ತಿರುಗಿಸುವ ಗುಂಡಿಯೊಂದಿರುತ್ತದೆ. ಡೈರೆಕ್ಟ್ ಮಾನಿಟರ್ ಎಂದು ಅದಕ್ಕೆ ಹೆಸರು. ಅದನ್ನು ಒತ್ತಿದರೆ ಹಾಡುಗಾರರಿಗೆ ವಿಳಂಬದ ಗೊಡವೆಯೇ ಇಲ್ಲ. ಬಫರನ್ನು ನಿಶ್ಚಿಂತೆಯಿಂದ 1024ಕ್ಕೆ ಇಡಬಹುದು.

ಸರಾಸರಿಯನ್ನು ನಂಬಬೇಡಿ

ಕಡಿತ ಕೇಳಿದೊಡನೆ ವಿಂಡೋಸ್ ಬಳಸುವವರು ಟಾಸ್ಕ್ ಮ್ಯಾನೇಜರನ್ನು ತೆರೆಯುತ್ತಾರೆ. ಪ್ರೊಸೆಸರಿನ ಹೊರೆ ಶೇಕಡ 20 ಎಂದು ಅದು ತೋರಿಸುತ್ತದೆ. ಇನ್ನೂ ಶೇಕಡ 80 ಬಿಡುವಿರುವಾಗ ಕಡಿತವೆಲ್ಲಿಂದ ಬಂತು ಎಂದು ಗೊಂದಲವಾಗುತ್ತದೆ.

ಟಾಸ್ಕ್ ಮ್ಯಾನೇಜರ್ ತೋರಿಸುವುದು ಸರಿಸುಮಾರು ಒಂದು ಸೆಕೆಂಡಿನ, ಅದೂ ಎಲ್ಲ ಕೋರ್‌ಗಳ ಸರಾಸರಿಯನ್ನು. ನಮ್ಮ ಗಡುವು 5.33 ಮಿಲಿಸೆಕೆಂಡಿನದು. ಒಂದು ಸೆಕೆಂಡಿನಲ್ಲಿ ಅಂಥ 187 ಗಡುವುಗಳಿರುತ್ತವೆ. ಅವುಗಳಲ್ಲಿ 186ನ್ನು ಆರಾಮವಾಗಿ ಮುಗಿಸಿ ಒಂದರಲ್ಲಿ ತಪ್ಪಿದರೂ ಸರಾಸರಿಯಲ್ಲಿ ಅದು ಕಾಣುವುದೇ ಇಲ್ಲ. ಕಿವಿಗೆ ಮಾತ್ರ ಆ ಒಂದೇ ಕೇಳುತ್ತದೆ. ಇನ್ನೊಂದು ಸಂಗತಿ: ಒಂದೇ ಪಥದ ಮೇಲೆ ಒಂದರ ಹಿಂದೊಂದು ಹಾಕಿದ ಸಂಸ್ಕರಣೆಗಳನ್ನು ಹಲವು ಕೋರ್‌ಗಳಿಗೆ ಹಂಚುವಂತಿಲ್ಲ. ಮೊದಲನೆಯದರ ಉತ್ತರ ಬಾರದೆ ಎರಡನೆಯದು ಆರಂಭವಾಗದು. ಎಂಟು ಕೋರ್‌ಗಳ ಗಣಕದಲ್ಲಿ ಏಳು ಸುಮ್ಮನೆ ಕುಳಿತು ಒಂದೇ ಒಂದು ಏದುಸಿರು ಬಿಡುತ್ತಿದ್ದರೆ ಸರಾಸರಿ ಹೊರೆ ಶೇಕಡ 12.5 ಮಾತ್ರ. ಆದ್ದರಿಂದ ನೋಡಬೇಕಾದದ್ದು ಧ್ವನಿಮುದ್ರಣ ತಂತ್ರಾಂಶದ ಒಳಗೇ ಇರುವ ಮಾಪಕವನ್ನು. ಕ್ಯೂಬೇಸ್, ರೀಪರ್ ಮುಂತಾದವುಗಳಲ್ಲಿ ಅದು ಇದ್ದೇ ಇರುತ್ತದೆ. ಗಡುವಿನ ಎಷ್ಟು ಭಾಗ ಖರ್ಚಾಯಿತು ಎಂಬುದರ ಅಂದಾಜು ಅಲ್ಲಿ ಸಿಗುತ್ತದೆ.

ಈ ಮಾಪಕ ಮೇಲೇರಿ ಕುಳಿತಿದ್ದರೆ ತಪ್ಪು ಹಾಡಿನೊಳಗಿನ ಹೊರೆಯದು. ಒಂದೊಂದೇ ಸಂಸ್ಕರಣೆಯನ್ನು ನಿಲ್ಲಿಸುತ್ತ ಹೋಗಿ, ಯಾವುದನ್ನು ನಿಲ್ಲಿಸಿದಾಗ ಮಾಪಕ ಕುಸಿಯುವುದೋ ಅದೇ ಅಪರಾಧಿ. ಆ ಪಥವನ್ನು ಫ್ರೀಜ್ ಮಾಡಿದರೆ, ಎಂದರೆ ಸಂಸ್ಕರಣೆಯಾದ ಧ್ವನಿಯನ್ನೇ ಒಂದು ಹೊಸ ಕಡತವಾಗಿ ಬರೆದಿಟ್ಟರೆ, ಮುಂದೆ ಲೆಕ್ಕ ಮಾಡುವ ಅಗತ್ಯವಿಲ್ಲ, ಓದಿದರೆ ಸಾಕು.

ಇಲ್ಲಿ ಭೌತವಿಜ್ಞಾನದವರಿಗೆ ಖುಷಿ ಕೊಡುವ ವಿಚಿತ್ರವೊಂದನ್ನು ಹೇಳಬೇಕು. ಹಾಡು ನಡೆಯುತ್ತಿರುವಾಗ ಎಲ್ಲ ಸರಿಯಾಗಿದ್ದು, ಹಾಡು ನಿಂತ ಮೇಲೆ ಮಾಪಕ ಏರುವುದುಂಟು! ಅನುರಣನದ ಸಂಸ್ಕರಣೆಯಲ್ಲಿ ಧ್ವನಿ ಘಾತೀಯವಾಗಿ ಕ್ಷಯಿಸುತ್ತದೆ, ವಿಕಿರಣಶೀಲ ಧಾತುವಿನಂತೆ. ಘಾತೀಯ ಕ್ಷಯ ಎಂದೂ ಸೊನ್ನೆ ಮುಟ್ಟುವುದಿಲ್ಲ, ಸಂಖ್ಯೆಗಳು ಚಿಕ್ಕದಾಗುತ್ತಲೇ ಹೋಗುತ್ತವೆ. 32 ಬಿಟ್‌ಗಳ ದಶಮಾಂಶ ಸಂಖ್ಯೆ ಸುಮಾರು 1.2 × 10⁻³⁸ಕ್ಕಿಂತ ಕಿರಿದಾದಾಗ ಪ್ರೊಸೆಸರ್ ಅದನ್ನು ಬೇರೆಯೇ ರೀತಿಯಲ್ಲಿ ಬರೆದಿಡಬೇಕಾಗುತ್ತದೆ. ಡಿನಾರ್ಮಲ್ ಎಂಬ ಈ ಸಂಖ್ಯೆಗಳ ಲೆಕ್ಕ ಹಲವು ಪ್ರೊಸೆಸರುಗಳಲ್ಲಿ ಹತ್ತಾರು ಪಟ್ಟು ನಿಧಾನ. 2 ಸೆಕೆಂಡಿಗೆ 60 ಡೆಸಿಬೆಲ್ ಇಳಿಯುವ ಅನುರಣನ ಆ ಮಟ್ಟಕ್ಕೆ, ಎಂದರೆ 760 ಡೆಸಿಬೆಲ್‌ನಷ್ಟು ಕೆಳಕ್ಕೆ, ಬರಲು ಸುಮಾರು 25 ಸೆಕೆಂಡು ಬೇಕು. ಯಾರಿಗೂ ಕೇಳಿಸದ ಧ್ವನಿಯ ಲೆಕ್ಕ ಮಾಡುತ್ತ ಗಣಕ ಸುಸ್ತಾಗುತ್ತದೆ! ಈಗಿನ ತಂತ್ರಾಂಶಗಳು ಇಂಥ ಸಂಖ್ಯೆಗಳನ್ನು ನೇರವಾಗಿ ಸೊನ್ನೆ ಮಾಡಿಬಿಡುವುದರಿಂದ ಈ ತೊಂದರೆ ಅಪರೂಪ. ಹಳೆಯ ಪ್ಲಗ್‌ಇನ್‌ಗಳನ್ನು ಬಳಸುವವರಿಗೆ ಆಗಾಗ ಎದುರಾದೀತು.

ಮಧ್ಯೆ ಬಾಯಿ ಹಾಕುವವರು

ಮಾಪಕ ಕೆಳಗೇ ಇದೆ, ಬಫರ್ ಸಾಕಷ್ಟು ದೊಡ್ಡದಿದೆ, ಆದರೂ ಹೊತ್ತುಗೊತ್ತಿಲ್ಲದೆ 'ಟಪ್' ಬರುತ್ತಿದೆ. ಆಗ ಸಂಶಯ ಹೋಗಬೇಕಾದದ್ದು ಡ್ರೈವರುಗಳ ಮೇಲೆ, ಎಂದರೆ ವೈಫೈ, ಗ್ರಾಫಿಕ್ಸ್, ಬ್ಯಾಟರಿ ಮುಂತಾದ ಯಂತ್ರಾಂಶಗಳನ್ನು ನಡೆಸುವ ಚಾಲಕ ತಂತ್ರಾಂಶಗಳ ಮೇಲೆ. ಯಂತ್ರಾಂಶವು ಗಮನ ಬೇಡಿದಾಗ ಪ್ರೊಸೆಸರ್ ಮಾಡುತ್ತಿರುವ ಕೆಲಸವನ್ನು ಅಲ್ಲಿಗೇ ಬಿಟ್ಟು ಅತ್ತ ತಿರುಗುತ್ತದೆ. ಇದು ಅಡ್ಡಿ, ಇಂಟರಪ್ಟ್. ಅದರ ಬೆನ್ನಿಗೆ ಉಳಿದ ಕೆಲಸವನ್ನು ವಿಂಡೋಸ್ ಡಿಪಿಸಿ ಎಂಬ ಸಾಲಿನಲ್ಲಿಟ್ಟು ಮುಗಿಸುತ್ತದೆ. ಆ ಸಾಲು ಮುಗಿಯುವ ತನಕ ಆ ಕೋರ್‌ನಲ್ಲಿ ಧ್ವನಿಯ ಕೆಲಸಕ್ಕೆ ಅವಕಾಶವಿಲ್ಲ, ಅದಕ್ಕೆ ನೀವು ಎಷ್ಟೇ ಆದ್ಯತೆ ಕೊಟ್ಟಿದ್ದರೂ ಸರಿಯೆ. ಒಳ್ಳೆಯ ಡ್ರೈವರ್ ಇದನ್ನು ಕೆಲವೇ ಮೈಕ್ರೊಸೆಕೆಂಡುಗಳಲ್ಲಿ ಮುಗಿಸಿ ಜಾಗ ಬಿಡುತ್ತದೆ. ಕೆಟ್ಟದಾಗಿ ಬರೆದದ್ದು ಕೆಲವು ಮಿಲಿಸೆಕೆಂಡುಗಳಷ್ಟು ಹೊತ್ತು ಪಟ್ಟಾಗಿ ಕುಳಿತುಬಿಡುತ್ತದೆ. ಹೊಸ ಲ್ಯಾಪ್‌ಟಾಪ್ ತಂದರೂ 'ಟಪ್' ಹೋಗದಿರುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ.

ಯಾರು ಕುಳಿತಿದ್ದಾರೆ ಎಂದು ಪತ್ತೆ ಹಚ್ಚಲು ಲೇಟೆನ್ಸಿಮಾನ್ ಎಂಬ ತಂತ್ರಾಂಶವಿದೆ. ಮನೆಯ ಬಳಕೆಗೆ ಉಚಿತ. ಅದನ್ನು ಹತ್ತು ನಿಮಿಷ ಓಡಲು ಬಿಟ್ಟರೆ ಯಾವ ಡ್ರೈವರ್ ಎಷ್ಟು ಹೊತ್ತು ಹಿಡಿಯಿತೆಂದು ಹೆಸರಿಟ್ಟು ಹೇಳುತ್ತದೆ. ಜಾಲಕ್ಕೆ ಸಂಬಂಧಿಸಿದ ಹೆಸರು ಕಂಡರೆ ವೈಫೈಯನ್ನು ನಿಷ್ಕ್ರಿಯಗೊಳಿಸಿ ಮತ್ತೆ ಪರೀಕ್ಷಿಸಿ. ಗ್ರಾಫಿಕ್ಸ್‌ನದಾದರೆ ಅದರ ಡ್ರೈವರನ್ನು ಬದಲಾಯಿಸಿ ನೋಡಿ, ಕೆಲವೊಮ್ಮೆ ಹೊಸದಕ್ಕಿಂತ ಹಿಂದಿನ ಆವೃತ್ತಿಯೇ ವಾಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ಹೇಳುವ ಮಾತೇ ಇದು. ನಾಲ್ಕನ್ನು ಒಟ್ಟಿಗೆ ಬದಲಿಸಿ ತೊಂದರೆ ಹೋದರೆ, ಯಾವುದರಿಂದ ಹೋಯಿತು ಎಂಬುದು ತಿಳಿಯದೆ ಉಳಿಯುತ್ತದೆ.

ಧ್ವನಿ ಉಪಕರಣದ ಡ್ರೈವರೂ ಸರಿಯಾದದ್ದೇ ಆಗಿರಬೇಕು. ವಿಂಡೋಸ್‌ನ ಸಾಮಾನ್ಯ ಧ್ವನಿ ಮಾರ್ಗದಲ್ಲಿ ಹಲವು ತಂತ್ರಾಂಶಗಳ ಧ್ವನಿ ಬೆರೆಯುವ ಹಂತಗಳಿವೆ. ಅದನ್ನು ತಪ್ಪಿಸಿ ಉಪಕರಣಕ್ಕೆ ನೇರವಾಗಿ ತಲುಪಲೆಂದು ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆ 1997ರಲ್ಲಿ ರೂಪಿಸಿದ್ದು ಆಸಿಯೊ ಎಂಬ ವ್ಯವಸ್ಥೆ. ಉಪಕರಣದ ತಯಾರಕರೇ ಕೊಟ್ಟ ಆಸಿಯೊ ಡ್ರೈವರ್ ಇದ್ದರೆ ಅದನ್ನೇ ಬಳಸಿ. ಲಿನಕ್ಸ್ ಬಳಸುವವರಿಗೆ ಒಂದು ಒಳ್ಳೆಯ ಸುದ್ದಿ: ಗಡುವಿನ ಕೆಲಸಗಳಿಗಾಗಿ ವರ್ಷಗಟ್ಟಲೆ ಪ್ರತ್ಯೇಕವಾಗಿ ಬೆಳೆಸಿದ್ದ ಮಾರ್ಪಾಡುಗಳನ್ನು 2024ರಲ್ಲಿ ಲಿನಕ್ಸ್‌ನ ಮುಖ್ಯ ಆವೃತ್ತಿಗೇ ಸೇರಿಸಲಾಯಿತು.

ವಿದ್ಯುತ್ ಉಳಿತಾಯವೂ ಇಲ್ಲಿ ಶತ್ರುವೇ. ಬಿಡುವು ಸಿಕ್ಕಾಗಲೆಲ್ಲ ಪ್ರೊಸೆಸರ್ ತನ್ನ ಆವರ್ತಾಂಕವನ್ನು ಇಳಿಸಿ ತೂಕಡಿಸುತ್ತದೆ, ಎಚ್ಚರಗೊಂಡು ಪೂರ್ಣ ವೇಗಕ್ಕೆ ಬರಲು ಹೊತ್ತು ಹಿಡಿಯುತ್ತದೆ. ಆದ್ದರಿಂದ ಮುದ್ರಣದ ವೇಳೆ ಲ್ಯಾಪ್‌ಟಾಪನ್ನು ಪ್ಲಗ್ಗಿಗೆ ಜೋಡಿಸಿ, ಪವರ್ ಪ್ಲಾನ್‌ನಲ್ಲಿ ಹೈ ಪರ್ಫಾರ್ಮೆನ್ಸ್ ಆರಿಸಿ. ಕಡಿತಗಳು ಮೊದಲ ಅರ್ಧ ಗಂಟೆ ಇಲ್ಲದೆ ಆಮೇಲೆ ಶುರುವಾದರೆ ಅದು ಶಾಖದ ಕೆಲಸವಿರಬಹುದು. ಬಿಸಿಯಾದ ಪ್ರೊಸೆಸರ್ ತನ್ನ ರಕ್ಷಣೆಗಾಗಿ ತಾನೇ ನಿಧಾನವಾಗುತ್ತದೆ. ಮೈಕಿಗೆ ಸದ್ದು ಬಾರದಿರಲೆಂದು ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ಗಾಳಿಕಿಂಡಿ ಮುಚ್ಚಿರುವುದನ್ನು ಎಷ್ಟೋ ಕಡೆ ನೋಡಬಹುದು.

ಯುಎಸ್‌ಬಿ ತಂತಿಯನ್ನು ಯಾರೂ ಸಂಶಯಿಸುವುದಿಲ್ಲ. ಪೆನ್‌ಡ್ರೈವಿಗೆ ಕಡತ ಬರೆಯುವಾಗ ದತ್ತ ಕೆಟ್ಟರೆ ಗಣಕ ಅದನ್ನು ಮತ್ತೆ ಕಳಿಸುತ್ತದೆ. ಧ್ವನಿಗೆ ಯುಎಸ್‌ಬಿಯಲ್ಲಿ ಬೇರೆ ವಿಧಾನ: ಕಾಲಕ್ಕೆ ಸರಿಯಾಗಿ ಜಾಗ ಕಾದಿರಿಸಿರುತ್ತದೆ, ಆದರೆ ಕೆಟ್ಟದ್ದನ್ನು ಮತ್ತೆ ಕಳಿಸುವುದಿಲ್ಲ, ತಡವಾಗಿ ಬಂದ ಧ್ವನಿಯಿಂದ ಪ್ರಯೋಜನವಿಲ್ಲವಲ್ಲ. ಹಾಗಾಗಿ ಸಡಿಲವಾದ ತಂತಿ ಪೆನ್‌ಡ್ರೈವಿನಲ್ಲಿ ತೋರದ ದೋಷವನ್ನು ಹಾಡಿನಲ್ಲಿ ತೋರಿಸುತ್ತದೆ. ಹಬ್ ಬಿಟ್ಟು ಗಣಕಕ್ಕೇ ನೇರವಾಗಿ ಜೋಡಿಸಿ.

ತಿರುಗುವ ಹಾರ್ಡ್ ಡಿಸ್ಕ್ ಬಳಸುವವರು ಈಗ ಕಡಿಮೆ, ಆದರೂ ಹಳೆಯ ಮುದ್ರಣಗಳೆಲ್ಲ ಅಂಥವುಗಳಲ್ಲೇ ಇರುತ್ತವೆ. 24 ಬಿಟ್, 48,000 ಮಾದರಿಗಳ ಒಂದು ಪಥಕ್ಕೆ ಸೆಕೆಂಡಿಗೆ 1,44,000 ಬೈಟ್ ಬೇಕು. 32 ಪಥಗಳಿಗೆ 4.6 ಮೆಗಾಬೈಟ್. ಡಿಸ್ಕಿಗೆ ಇದು ಲೆಕ್ಕಕ್ಕಿಲ್ಲ. ತೊಂದರೆ ಇರುವುದು ಓಡಾಟದಲ್ಲಿ. ಒಂದೊಂದು ಪಥವೂ ಒಂದೊಂದು ಕಡೆ ಇರುವುದರಿಂದ ಓದುವ ಮೊನೆ ಅಲ್ಲಿಂದಿಲ್ಲಿಗೆ ಹಾರಬೇಕು. ನಿಮಿಷಕ್ಕೆ 5400 ಸುತ್ತಿನ ಡಿಸ್ಕಿನಲ್ಲಿ ಅರ್ಧ ಸುತ್ತಿಗೇ 5.6 ಮಿಲಿಸೆಕೆಂಡು, ಮೊನೆಯ ಚಲನೆಯನ್ನೂ ಸೇರಿಸಿ ಹಾರಾಟಕ್ಕೆ 15 ಮಿಲಿಸೆಕೆಂಡು ಎನ್ನಿ. 32 ಹಾರಾಟಗಳಿಗೆ ಸುಮಾರು ಅರ್ಧ ಸೆಕೆಂಡು ಹೋಯಿತು. ಅಂಥ ಮುದ್ರಣವನ್ನು ಎಸ್‌ಎಸ್‌ಡಿಗೆ ನಕಲು ಮಾಡಿಕೊಂಡು ಕೇಳಿದರೆ ಸಾಕು.

ಕಡಿತದ ಲಯವನ್ನು ಆಲಿಸಿ

ವೈದ್ಯರು ಜ್ವರ ಯಾವಾಗ ಬರುತ್ತದೆ ಎಂದು ಕೇಳುವಂತೆ, ಕಡಿತ ಯಾವಾಗ ಬರುತ್ತದೆ ಎಂದು ಗುರುತಿಸುವುದೇ ಅರ್ಧ ಪರಿಹಾರ. ಒಂದೇ ಹಾಡನ್ನು ಎರಡು ಬಾರಿ ಕೇಳಿ. ಎರಡೂ ಬಾರಿ ಅದೇ ಜಾಗದಲ್ಲಿ 'ಟಪ್' ಬಂದು, ಬಫರ್ ಹಿಗ್ಗಿಸಿದರೂ ಹೋಗದಿದ್ದರೆ ಅದು ಕಡತದೊಳಗೇ ಮುದ್ರಿತವಾಗಿದೆ. ಅಲೆಯ ಚಿತ್ರವನ್ನು ಹಿಗ್ಗಿಸಿದರೆ ಮೆಟ್ಟಿಲು ಕಣ್ಣಿಗೇ ಕಾಣುತ್ತದೆ. ಬೇರೆ ಬೇರೆ ಜಾಗದಲ್ಲಿ ಬಂದರೆ ಈಗಾಗಲೇ ಹೇಳಿದ ಕಾರಣಗಳಲ್ಲೊಂದು.

ಕರಾರುವಾಕ್ಕಾಗಿ ಒಂದೇ ಅಂತರದಲ್ಲಿ ಬಂದರೆ? ಆಗ ಸಂಶಯಿಸಬೇಕಾದದ್ದು ಗಡಿಯಾರಗಳನ್ನು. ಎರಡು ಯುಎಸ್‌ಬಿ ಮೈಕ್‌ಗಳನ್ನು ಒಟ್ಟಿಗೆ ಬಳಸಿದರೆ ಪ್ರತಿಯೊಂದಕ್ಕೂ ತನ್ನದೇ ಸ್ಫಟಿಕವಿರುತ್ತದೆ. ಎರಡರ ನಡುವೆ ಹತ್ತು ಲಕ್ಷದಲ್ಲಿ 50 ಭಾಗ ವ್ಯತ್ಯಾಸವಿದ್ದರೆ ಒಂದು ಇನ್ನೊಂದಕ್ಕಿಂತ ಸೆಕೆಂಡಿಗೆ 2.4 ಮಾದರಿಗಳಷ್ಟು ಮುಂದೋಡುತ್ತದೆ. ತಂತ್ರಾಂಶ ಸರಿದೂಗಿಸದಿದ್ದರೆ 512 ಮಾದರಿಗಳ ಬಫರ್ 213 ಸೆಕೆಂಡಿನಲ್ಲಿ ಬರಿದಾಗಿ, ಮೂರೂವರೆ ನಿಮಿಷಕ್ಕೊಮ್ಮೆ 'ಟಪ್' ಬರುತ್ತದೆ. ಬಫರ್ ಹಿಗ್ಗಿಸಿದರೆ ಇದು ಅಪರೂಪವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಎರಡು ಮೈಕ್‌ಗಳನ್ನೂ ಒಂದೇ ಉಪಕರಣಕ್ಕೆ ಜೋಡಿಸುವುದೇ ದಾರಿ. ಕಡಿತದ ಬದಲು ಇಡೀ ಹಾಡಿನ ಶ್ರುತಿಯೇ ಒಂದೂವರೆ ಸ್ವರಸ್ಥಾನ ಇಳಿದು, ಗತಿಯೂ ನಿಧಾನವಾಗಿದ್ದರೆ 48,000ದಲ್ಲಿ ಮುದ್ರಿಸಿದ್ದನ್ನು 44,100ರಲ್ಲಿ ನುಡಿಸುತ್ತಿದ್ದೀರಿ ಎಂದರ್ಥ.

ಮತ್ತೆ ಸಿಗದಂಥ ಹಾಡನ್ನು ಮುದ್ರಿಸಲು ಹೊರಟಾಗ ಬಫರನ್ನು 1024ಕ್ಕೆ ಏರಿಸಿ, ಡೈರೆಕ್ಟ್ ಮಾನಿಟರ್ ಬಳಸಿ. ಸಂಸ್ಕರಣೆಗಳೆಲ್ಲ ಆಮೇಲಿರಲಿ, ಮುದ್ರಣದಲ್ಲಿ ಒಂದೂ ಬೇಡ. ವೈಫೈ, ಬ್ಲೂಟೂತ್ ನಿಲ್ಲಿಸಿ. ಕಡತವನ್ನು ಅಂತರಜಾಲಕ್ಕೆ ತಾನಾಗಿಯೇ ನಕಲಾಗುವ ಫೋಲ್ಡರಿನಲ್ಲಿ ಇಡಬೇಡಿ. ಹಿಂದಿನ ದಿನವೇ ಒಂದು ಗಂಟೆ ತಂಬೂರಿಯನ್ನು ಮುದ್ರಿಸಿ ಕೇಳಿ. ಇಷ್ಟೆಲ್ಲ ಆದ ಮೇಲೂ ಬ್ಯಾಟರಿಯಿಂದ ನಡೆಯುವ ಕೈ ರೆಕಾರ್ಡರ್ ಒಂದನ್ನು ಪಕ್ಕದಲ್ಲಿ ಓಡಲು ಬಿಡಿ, ಇದು ನನ್ನ ಖಚಿತ ಅಭಿಪ್ರಾಯ. ಆರಂಭದಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಎರಡೂ ಮುದ್ರಣಗಳನ್ನು ಹೊಂದಿಸಲು ಗುರುತಾಗುತ್ತದೆ. ಆದರೆ ಆ ಒಂದು ಚಪ್ಪಾಳೆಯನ್ನೇ ನೆಚ್ಚಿಕೊಂಡು ಕೊನೆಯ ಹಾಡಿಗೆ ತೇಪೆ ಹಾಕಲು ಹೋಗಬೇಡಿ. ಅದೇ 50 ಭಾಗಗಳ ವ್ಯತ್ಯಾಸ ಒಂದು ಗಂಟೆಯಲ್ಲಿ 0.18 ಸೆಕೆಂಡಾಗಿರುತ್ತದೆ. ಕಡಿತ ಆದ ಜಾಗದ ಪಕ್ಕದಲ್ಲೇ ಮೃದಂಗದ ಒಂದು ಪೆಟ್ಟನ್ನೋ, ಹಾಡಿನ ಗಟ್ಟಿ ವ್ಯಂಜನವೊಂದನ್ನೋ ಹುಡುಕಿ, ಅಲ್ಲಿಗೆ ಹೊಂದಿಸಿಕೊಳ್ಳಿ.